ಜಿಗಣೆ ಕಾಲದಲ್ಲೂ ನಮ್ಮ ಬಾಲವಾಡಿ ಹೊರಗೇ

ಕೊಡಗಿನ ನಾಪೋಕ್ಲು ಕಡೆ ನಮ್ಮ ಕಾಫಿ ತೋಟದ ಒಂದು ಮೂಲೆಯಲ್ಲಿ ಬಾಲವಾಡಿ ನಡೆಸುತ್ತಿದ್ದೇನೆ. ಮಕ್ಕಳು 11, ಎಲ್ಲರೂ 3ರಿಂದ 6 ವರ್ಷದವರು. ಗೋಡೆ ಇಲ್ಲದ ಒಂದು ತಗಡಿನ ಶೆಡ್ ಇದೆ. ಬಟ್ಟೆ ಬದಲಿಸಲು, ಬಿಸಿ ಗಂಜಿ ಕುಡಿಯಲು ಅಲ್ಲಿಗೆ ಬರುತ್ತೇವೆ. ಉಳಿದ ಹೊತ್ತೆಲ್ಲ ಹೊರಗೆ.

ಮೊದಲ ವರ್ಷ ಮಳೆಗೆ ಹೆದರಿ ಜೂನ್‌ನಲ್ಲೇ ಮುಚ್ಚಿಬಿಟ್ಟೆ. ಅದು ತಪ್ಪಾಯಿತು. ಕೊಡಗಿನಲ್ಲಿ ಮಳೆ ನಿಲ್ಲಲಿ ಅಂತ ಕಾದರೆ ಸೆಪ್ಟೆಂಬರ್ ಆಗುತ್ತದೆ. ಅಷ್ಟರಲ್ಲಿ ಮಕ್ಕಳು ಎಲ್ಲ ಮರೆತಿದ್ದರು. ಎಲ್ಲಿ ನಿಲ್ಲಬೇಕು, ಕೂಗಿದರೆ ಹೇಗೆ ಓಗೊಡಬೇಕು ಅಂತ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಈಗ ಬೆಳಿಗ್ಗೆ 7ಕ್ಕೆ ನಾನು ಮತ್ತು ತೋಟದ ಕೆಲಸಗಾರರ ಲೈನ್ ಮನೆಯ ಅಕ್ಕ ಒಂದು ಸುತ್ತು ಹೋಗಿ ಬರುತ್ತೇವೆ. ಆನೆ ಹೆಜ್ಜೆ, ಹಸಿ ಲದ್ದಿ, ಮುರಿದ ಬಾಳೆ ಇದೆಯಾ ನೋಡುತ್ತೇವೆ. ಹಲಸಿನ ಹಣ್ಣಿನ ವಾಸನೆಗೆ ಆನೆ ತೋಟಕ್ಕೆ ಇಳಿಯುತ್ತದೆ. ಅದಕ್ಕೆ ಹತ್ತಿರದ ಮರಗಳ ಕಾಯಿಯನ್ನು ಬಲಿಯುವ ಮೊದಲೇ ಇಳಿಸಿಬಿಡುತ್ತೇವೆ. ಸಣ್ಣ ಅನುಮಾನ ಬಂದರೂ ಅವತ್ತು ರಜೆ. ಗಾಳಿ ಜೋರಿದ್ದರೂ ಅಷ್ಟೇ, ಸಿಲ್ವರ್ ಓಕ್ ಕೊಂಬೆಯನ್ನು ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಅಪ್ಪ ಅಮ್ಮಂದಿರ ಮಕ್ಕಳು ಇವರು. ಆ ಹೆದರಿಕೆ ನನಗೂ ಇದೆ. ಬರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಕೆಳಗೆ ಯಾರನ್ನೂ ಕರೆದುಕೊಂಡು ಹೋಗುವುದೇ ಇಲ್ಲ.

ಜಿಗಣೆ ವಿಷಯ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಮಕ್ಕಳನ್ನು ಸೇರಿಸಲು ಬಂದವರೆಲ್ಲ ಮೊದಲು ಕೇಳುವುದೇ ಅದನ್ನು. ಗಂಬೂಟಿನ ಒಳಗೆ ಮಂಡಿವರೆಗಿನ ದಪ್ಪ ಕಾಲುಚೀಲ, ಪ್ಯಾಂಟಿನ ತುದಿ ಅದರೊಳಗೆ. ಅರ್ಧ ಗಂಟೆಗೊಮ್ಮೆ ಎಲ್ಲರೂ ನಿಂತು ಪಕ್ಕದವರ ಕಾಲು, ಕುತ್ತಿಗೆ ನೋಡಬೇಕು. ಕಚ್ಚಿಕೊಂಡಿದ್ದರೆ ನಾವು ಉಪ್ಪು ಹಾಕುವುದಿಲ್ಲ, ಗಾಯ ಉರಿಯುತ್ತದೆ. ಉಗುರನ್ನು ಬಾಯಿಯ ಹತ್ತಿರ ಜಾರಿಸಿ ಬಿಡಿಸುತ್ತೇವೆ. ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯುತ್ತೇವೆ. ರಕ್ತ ಹೆಪ್ಪುಗಟ್ಟದ ಹಾಗೆ ಜಿಗಣೆ ಏನೋ ಸೇರಿಸಿರುತ್ತದೆ, ಅದಕ್ಕೇ ಸುಮಾರು ಹೊತ್ತು ಸುರಿಯುತ್ತದೆ ಅಂತ ಮಕ್ಕಳಿಗೂ ಹೇಳಿದ್ದೇನೆ. ಕಾರಣ ಗೊತ್ತಾದ ಮೇಲೆ ಅಳು ಎಷ್ಟೋ ಕಡಿಮೆಯಾಯಿತು. ಒಬ್ಬಳಿಗೆ ಅದು ಜಿಗಣೆ, ಇನ್ನೊಬ್ಬನಿಗೆ ಇಂಬಳ, ಮಲಯಾಳಂ ಮಾತಾಡುವ ಮನೆಯ ಹುಡುಗನಿಗೆ ಅಟ್ಟ. ಕೊಡವ ತಕ್ಕ್, ಅರೆಭಾಷೆ, ಕನ್ನಡ ಎಲ್ಲ ಸೇರುವ ಈ ಗುಂಪಿನಲ್ಲಿ ಪದಗಳು ಹೀಗೇ ಕೈ ಬದಲಾಗುತ್ತವೆ. ನಾನು ಕೂರಿಸಿ ಪಾಠ ಹೇಳಿದ್ದಿಲ್ಲ.

ಒದ್ದೆ ಬಟ್ಟೆಯೇ ನಿಜವಾದ ಕಷ್ಟ. ಒಬ್ಬೊಬ್ಬರಿಗೂ ಎರಡು ಜೊತೆ ಬಟ್ಟೆ ಬೇಕು. ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ. ಆದರೆ ಹೊಗೆ ವಾಸನೆ ಹೋಗುವುದಿಲ್ಲ.

ಕೊಡವರ ಕಕ್ಕಡ ತಿಂಗಳ 18ನೇ ದಿನ, ಆಗಸ್ಟ್ 3ರ ಹೊತ್ತಿಗೆ, ನಮ್ಮಲ್ಲಿ ಮದ್ದ್ ಸೊಪ್ಪಿನ, ಅಂದರೆ ಔಷಧಿ ಅಂತ ತಿನ್ನುವ ಒಂದು ಕಾಡು ಗಿಡದ ಎಲೆಯ, ದಿನ. ಆಗ ಆ ಎಲೆಗೆ ಒಂದು ಘಮ ಬಂದಿರುತ್ತದೆ. ಮಕ್ಕಳೇ ಅಕ್ಕನ ಜೊತೆ ಹೋಗಿ ಕೊಯ್ದು ತರುತ್ತಾರೆ. ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲೇ ಪಾಯಸ. ಆಮೇಲೆ ಮೂತ್ರ ಕೆಂಪಾಗುತ್ತದೆ, ಗಾಬರಿ ಬೇಡ ಅಂತ ಹೊಸ ಅಮ್ಮಂದಿರಿಗೆ ಮೊದಲೇ ಹೇಳಿಡುತ್ತೇನೆ. ಈ ಸಲ ನಾಲ್ಕು ವರ್ಷದ ಹುಡುಗನೊಬ್ಬ ಮಾರನೇ ದಿನ ಬಂದವನೇ, ಚೀಲ ಕೂಡ ಇಳಿಸದೆ ತೋಡಿನ ಪಕ್ಕದ ಆ ಗಿಡದ ಹತ್ತಿರ ಹೋದ. ಒಂದು ಎಲೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಬಣ್ಣ ಬರುತ್ತದಾ ಅಂತ ತುಂಬಾ ಹೊತ್ತು ನೋಡುತ್ತಾ ನಿಂತಿದ್ದ.