ಗ್ರೀನ್‌ಗೆ ಮರಳು ಹಾಕುವ ಮುನ್ನ

1876ರಲ್ಲೇ ಗಾಲ್ಫ್ ಕ್ಲಬ್ ಕಂಡ ಊರು ಬೆಂಗಳೂರು. ಆದರೂ ಗ್ರೀನ್, ಅಂದರೆ ಚೆಂಡು ಬೀಳಿಸುವ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ ಮೇಲೆ ಮರಳು ಸುರಿದ ದಿನ ಆಟಗಾರರು ಮುಖ ಸಿಂಡರಿಸುವುದು ತಪ್ಪಿಲ್ಲ. ಸಿಂಡರಿಸಲಿ, ಆ ಕೆಲಸ ಮುಂದೂಡಿದರೆ ಆಮೇಲೆ ಬೈಯುವವರೂ ಅವರೇ.

ಮೊದಲು ಚಾಕುವಿನಿಂದ ಗ್ರೀನ್‌ನ ಒಂದು ಸಣ್ಣ ತುಂಡನ್ನು ಕೊಯ್ದು ನೋಡಿ. ಮೇಲೆ ಹಸಿರು, ಕೆಳಗೆ ಮಣ್ಣು, ನಡುವೆ ತೆಂಗಿನ ನಾರಿನ ಕಾಲೊರಸಿನಂಥ ಕಂದು ಪದರ. ಅದೇ ಥ್ಯಾಚ್. ಗಣಪತಿಗೆ ಏರಿಸುವ ಗರಿಕೆಯ ಬಳಗಕ್ಕೇ ಸೇರಿದ ಬರ್ಮುಡಾ ಹುಲ್ಲು ಹಬ್ಬುವ ವೇಗಕ್ಕೆ ಅದರ ಸತ್ತ ಕಾಂಡ, ಬೇರುಗಳು ಕೊಳೆಯುವುದಿಲ್ಲ. ಪದರ ತೆಳ್ಳಗಿದ್ದರೆ ಒಳ್ಳೆಯದೇ. ಅರ್ಧ ಅಂಗುಲ ಮೀರಿತೋ, ನೆಲ ಸ್ಪಂಜಿನಂತಾಗಿ ನೀರು ಮೇಲೆಯೇ ನಿಲ್ಲುತ್ತದೆ, ಬೇರು ಕೆಳಗಿಳಿಯುವುದಿಲ್ಲ, ಶಿಲೀಂಧ್ರ ಮನೆ ಮಾಡುತ್ತದೆ.

ಏಪ್ರಿಲ್–ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದು ಹುಲ್ಲು ಚಿಗುರುವಾಗ ಕೈ ಹಾಕಿ. ಡಿಸೆಂಬರ್ ಚಳಿಯಲ್ಲಿ ಬೇಡ. ಮಾಡಿದ ಗಾಯ ಮಾಯುವುದಿಲ್ಲ.

ಲಂಬ ಬ್ಲೇಡುಗಳ ಯಂತ್ರದಿಂದ ಮೇಲಿನ ಥ್ಯಾಚ್ ಗೀರಿ ತೆಗೆದು ಗುಡಿಸಿ. ಆಮೇಲೆ ಟೊಳ್ಳು ಮೊಳೆಗಳ ಯಂತ್ರ ಹಾಯಿಸಿ. ಅರ್ಧ ಅಂಗುಲ ಅಗಲ, ಮೂರು ಅಂಗುಲ ಆಳದ ರಂಧ್ರಗಳು ಎರಡೆರಡು ಅಂಗುಲಕ್ಕೊಂದು ಬಿದ್ದು, ಗ್ರೀನ್ ತುಂಬ ಕೋಡುಬಳೆ ಮುರಿದು ಚೆಲ್ಲಿದಂತೆ ಮಣ್ಣಿನ ತುಣುಕುಗಳು ಹರಡುತ್ತವೆ. ಅವನ್ನು ಒಂದೂ ಬಿಡದೆ ಬಾಚಿ ತೆಗೆಯಿರಿ.

ಹೆಚ್ಚಿನವರು ಎಡವುವುದು ಈ ರಂಧ್ರಗಳಿಗೆ ತುಂಬುವ ಮರಳಿನಲ್ಲಿ. ಕಟ್ಟಡಕ್ಕೆ ತಂದ ಎಂ-ಸ್ಯಾಂಡ್ ಉಳಿದಿದೆಯೆಂದು ಸುರಿಯಬೇಡಿ. ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಅದನ್ನೊಮ್ಮೆ ಕುಲುಕಿ: ನೀರು ರಾಡಿಯಾಗುತ್ತದೆ. ಆ ಕಲ್ಲಿನ ಪುಡಿಯೇ ರಂಧ್ರಗಳನ್ನು ಕಟ್ಟುತ್ತದೆ. ಬೇಕಿರುವುದು ತೊಳೆದು ಜರಡಿ ಹಿಡಿದ, ಬಹುಪಾಲು ಕಣಗಳು ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರಿನೊಳಗಿರುವ ಮರಳು. ಗ್ರೀನ್ ಕಟ್ಟುವಾಗ ಬಳಸಿದಂಥದ್ದೇ ಸಿಕ್ಕರೆ ಇನ್ನೂ ಒಳ್ಳೆಯದು. ಪ್ರತಿ ಸಲ ಬೇರೆ ಬೇರೆ ಮರಳು ಹಾಕಿದರೆ ಪದರ ಪದರವಾಗಿ ಕೂತು, ನೀರು ಒಂದೊಂದು ಪದರದಲ್ಲೂ ತಡೆದು ನಿಲ್ಲುತ್ತದೆ.

ಎಷ್ಟು ಬೇಕು? 500 ಚದರ ಮೀಟರಿನ ಗ್ರೀನ್ ಆದರೆ ರಂಧ್ರ ತುಂಬಲು ಮತ್ತು ಮೇಲೆ ತೆಳ್ಳಗೆ ಹರಡಲು ಸುಮಾರು ಮೂರು ಘನ ಮೀಟರ್. ಮರಳೂ ಹುಲ್ಲೂ ಒಣಗಿರಬೇಕು, ಹಾಗಾಗಿ ಬಿಸಿಲೇರಿದ ಮೇಲೆ ಹರಡಿ. ಸ್ವಲ್ಪ ಆರಲು ಬಿಟ್ಟು ಬ್ರಷ್ ಅಥವಾ ಮ್ಯಾಟ್ ಎಳೆಯಿರಿ. ಬೆರಳಾಡಿಸಿದರೆ ರಂಧ್ರ ಸಿಗಬಾರದು, ಹುಲ್ಲಿನ ತುದಿ ಮಾತ್ರ ಕಾಣುತ್ತಿರಬೇಕು. ಮರಳಿನಡಿ ಹೂತ ಹುಲ್ಲು ಹಳದಿಯಾಗುತ್ತದೆ.

ನಂತರ ಹದವಾಗಿ ನೀರು, ತುಸು ಗೊಬ್ಬರ. ಎರಡು ಮೂರು ವಾರಗಳಲ್ಲಿ ಗಾಯ ಮುಚ್ಚುತ್ತದೆ. ಅಲ್ಲಿಯವರೆಗೆ ಕತ್ತರಿಸುವ ಎತ್ತರ ಏರಿಸಿ, ಯಂತ್ರಕ್ಕೆ ಹಳೆಯ ಬ್ಲೇಡನ್ನೇ ಹಾಕಿ. ಹೊಸದರ ಹರಿತವನ್ನು ಮರಳು ಒಂದೇ ದಿನದಲ್ಲಿ ತಿಂದುಹಾಕುತ್ತದೆ.