100 ಗಿಗಾಬಿಟ್ ಲಿಂಕಿಗೆ ಕಾವಲು ಕೂರಿಸುವ ಮೊದಲು ಪ್ಯಾಕೆಟ್ ಎಣಿಸಿ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಪಿಎಚ್‌ಡಿ ವಿದ್ಯಾರ್ಥಿಗಳು ಬಂದ ದಿನವೇ ನೆಟ್‌ವರ್ಕಿನ ಮೇಲಿನ ದಾಳಿ ಹಿಡಿಯುವ ಅಲ್ಗಾರಿದಮ್ ಬರೆಯಲು ಕೂರುತ್ತಾರೆ. ನಾನೂ ಹಾಗೇ ಕೂತಿದ್ದೆ. ಈಗ ಯಾರು ಬಂದರೂ ಮೊದಲು ಕಾಗದ ಪೆನ್ನು ಕೊಟ್ಟು ಒಂದು ಲೆಕ್ಕ ಮಾಡಿಸುತ್ತೇನೆ.

ಈಥರ್ನೆಟ್‌ನಲ್ಲಿ ಪ್ಯಾಕೆಟ್ ಹೊತ್ತು ತರುವ ಅತಿ ಚಿಕ್ಕ ಫ್ರೇಮ್ 64 ಬೈಟ್. ಫ್ರೇಮ್ ಶುರುವಾಗುವುದನ್ನು ಸಾರುವ ಪ್ರಿಯಾಂಬಲ್ ಮತ್ತು ಎರಡು ಫ್ರೇಮ್‌ಗಳ ನಡುವಿನ ಬಿಡುವು ಸೇರಿ ಇನ್ನೂ 20. ಒಟ್ಟು 84 ಬೈಟ್, ಅಂದರೆ 672 ಬಿಟ್. 100 ಗಿಗಾಬಿಟ್ ಲಿಂಕಿನಲ್ಲಿ ಇಂಥವು ಸೆಕೆಂಡಿಗೆ 14.88 ಕೋಟಿ ಬರಬಹುದು. ಒಂದೊಂದಕ್ಕೂ ಸಿಗುವುದು 6.72 ನ್ಯಾನೊಸೆಕೆಂಡ್, 3 ಗಿಗಾಹರ್ಟ್ಸ್ ಪ್ರೊಸೆಸರ್ ಕೋರ್‌ಗೆ ಅದು ಬರೀ 20 ಸೈಕಲ್. ಮುಖ್ಯ ಮೆಮೊರಿಗೆ ಒಮ್ಮೆ ಹೋಗಿ ಬರಲು ಅದರ ಹತ್ತು ಪಟ್ಟು ಹೊತ್ತು ಬೇಕು. ಒಂದು ಕೋರಿನಿಂದ ಆಗುವ ಕೆಲಸವಲ್ಲ, ಹಂಚಲೇಬೇಕು.

ಎಡವುವುದು ಈ ಹಂಚಿಕೆಯಲ್ಲೇ. ನೆಟ್‌ವರ್ಕ್ ಕಾರ್ಡಿನಲ್ಲಿ ಹಂಚುವ ಕೆಲಸ ಮಾಡುವ ಆರ್‌ಎಸ್‌ಎಸ್, ಕೀ ಎಂಬ ಬಿಟ್‌ಗಳ ಸಾಲು ಬಳಸಿ ವಿಳಾಸ ಮತ್ತು ಪೋರ್ಟ್‌ಗಳನ್ನು ಹ್ಯಾಶ್ ಮಾಡಿ, ಅಂದರೆ ಒಂದು ಸಂಖ್ಯೆಗೆ ಇಳಿಸಿ, ಪ್ಯಾಕೆಟ್ ಯಾವ ಕೋರಿಗೆ ಎಂದು ತೀರ್ಮಾನಿಸುತ್ತದೆ. ಮಾಮೂಲಿ ಕೀ ಇದ್ದರೆ ಹೋಗುವ ಪ್ಯಾಕೆಟ್ ಒಂದು ಕೋರಿಗೆ, ಅದರ ಉತ್ತರ ಇನ್ನೊಂದು ಕೋರಿಗೆ ಬೀಳಬಹುದು. ನನ್ನ ಮೊದಲ ಪ್ರಯೋಗದಲ್ಲಿ ಸಂಪರ್ಕ ಕೇಳುವ ಸಿನ್ ಪ್ಯಾಕೆಟ್ ಕಾಣುತ್ತಿತ್ತು, ಅದಕ್ಕೆ ಉತ್ತರವಾದ ಸಿನ್-ಆಕ್ ಕಾಣುತ್ತಿರಲಿಲ್ಲ. ನನ್ನ ಪ್ರೋಗ್ರಾಂ ಎಲ್ಲವನ್ನೂ ಪೋರ್ಟ್ ಸ್ಕ್ಯಾನ್ (ತೆರೆದ ಪೋರ್ಟ್‌ಗಾಗಿ ತಡಕಾಟ) ಎಂದು ಕೂಗುತ್ತಿತ್ತು. ದಾಳಿ ಸಿಕ್ಕಿತೆಂದು ಹಿಗ್ಗಿದ್ದೆ. ಎರಡು ವಾರ ಹಾಗೇ ಕಳೆಯಿತು.

16 ಬಿಟ್‌ಗಳ ಒಂದೇ ಮಾದರಿ ಮರುಕಳಿಸುವ ಕೀ ಹಾಕಿದರೆ ಎರಡೂ ದಿಕ್ಕು ಒಂದೇ ಕೋರಿಗೆ ಬರುತ್ತವೆ. ಹಾಕಿದ ಮೇಲೆ ನಂಬಿ ಕೂರಬೇಡಿ. ಎರಡು ಯಂತ್ರಗಳ ನಡುವೆ ಒಂದೇ ಒಂದು ಟಿಸಿಪಿ ಸಂಪರ್ಕ ತೆರೆದು, ಪ್ರತಿ ಪ್ಯಾಕೆಟ್ ಬಂದ ಕೋರಿನ ಸಂಖ್ಯೆ ಪ್ರಿಂಟ್ ಮಾಡಿ ಕಣ್ಣಾರೆ ನೋಡಿ. ಜೊತೆಗೆ ಪ್ಯಾಕೆಟ್‌ಗಳನ್ನು ಒಗ್ಗೂಡಿಸುವ ಎಲ್‌ಆರ್‌ಒ, ಜಿಆರ್‌ಒ ಎರಡನ್ನೂ ಈಥ್‌ಟೂಲ್ ಎಂಬ ಲಿನಕ್ಸ್ ಕಮಾಂಡಿನಲ್ಲಿ ಆಫ್ ಮಾಡಿ. ಇಲ್ಲದಿದ್ದರೆ ಹಲವು ಪ್ಯಾಕೆಟ್ ಅಂಟಿಕೊಂಡು ಒಂದಾಗಿ ಕಾಣುತ್ತವೆ.

ಆಮೇಲೆ ಎಣಿಕೆ. ಪರೀಕ್ಷೆಗೆ ಪ್ಯಾಕೆಟ್ ಕಳಿಸುವ ಟಿರೆಕ್ಸ್ ಅಥವಾ ಮೂನ್‌ಜೆನ್ ತಂತ್ರಾಂಶ ಬೇರೆ ಯಂತ್ರದಲ್ಲಿ ಓಡಲಿ. ಕಳಿಸಿದ್ದೆಷ್ಟು, ಕಾರ್ಡಿಗೆ ಬಂದದ್ದೆಷ್ಟು, ಪ್ರೋಗ್ರಾಂ ಓದಿದ್ದೆಷ್ಟು, ಮೂರನ್ನೂ ಬರೆದುಕೊಳ್ಳಿ. ವೇಗ ನಿಧಾನವಾಗಿ ಏರಿಸುತ್ತಾ ಮೊದಲ ಪ್ಯಾಕೆಟ್ ಡ್ರಾಪ್ ಆದ ಜಾಗಕ್ಕೆ ಗುರುತು ಹಾಕಿ. ನಿಮ್ಮ ವ್ಯವಸ್ಥೆಯ ನಿಜವಾದ ವೇಗ ಅದೇ, ಕಾರ್ಡಿನ ಮೇಲೆ ಬರೆದಿರುವುದಲ್ಲ.

ನಿಜವಾದ ಟ್ರಾಫಿಕ್‌ನಲ್ಲಿ ಕಳಿಸಿದ್ದೆಷ್ಟು ಎಂದು ಹೇಳುವವರಿಲ್ಲ. ಸ್ವಿಚ್ ನಮಗೆ ಟ್ರಾಫಿಕ್‌ನ ನಕಲು ಕಳಿಸುವ ಮಿರರ್ ಪೋರ್ಟಿನಲ್ಲೇ ಕಳೆದುಹೋದದ್ದು ಕಾರ್ಡಿನ ಕೌಂಟರಿಗೂ ಗೊತ್ತಾಗದು. ಅಲ್ಲಿ ಝೀಕ್ ಮಾಡುವ ಉಪಾಯ ನನಗೆ ಬಹಳ ಇಷ್ಟ. ವರ್ನ್ ಪ್ಯಾಕ್ಸನ್ ಲಾರೆನ್ಸ್ ಬರ್ಕ್ಲಿ ಲ್ಯಾಬಿನಲ್ಲಿ 1995ರಲ್ಲಿ ಬ್ರೋ ಎಂಬ ಹೆಸರಿನಲ್ಲಿ ಶುರು ಮಾಡಿದ ನೆಟ್‌ವರ್ಕ್ ಕಾವಲಿನ ತಂತ್ರಾಂಶ ಇದು; 2018ರಲ್ಲಿ ಹೆಸರು ಬದಲಾಯಿತು. ನಮಗೆ ಕಾಣದ ಡೇಟಾಗೆ ಆ ಕಡೆಯವರು ತಲುಪಿತು ಎನ್ನುವ ಆಕ್ ಕಳಿಸಿದ್ದಾರೆಯೇ ಎಂದು ಅದು ನೋಡುತ್ತದೆ. ಆಕ್ ಬಂದಿದೆ ಅಂದರೆ ಡೇಟಾ ಅವರಿಗೆ ತಲುಪಿದೆ, ತಪ್ಪಿಸಿಕೊಂಡದ್ದು ನಮ್ಮ ಕಣ್ಣಿಗೆ ಮಾತ್ರ.

ಕ್ಯಾಂಪಸ್ಸಿನ ಟ್ರಾಫಿಕ್ ಮುಟ್ಟುವ ಮುನ್ನ ಲಿಖಿತ ಅನುಮತಿ ಪಡೆಯಿರಿ, ಐಪಿ ವಿಳಾಸಗಳನ್ನು ಮರೆಮಾಚಿ. ಫಲಿತಾಂಶದ ಕೋಷ್ಟಕದಲ್ಲಿ ಎಷ್ಟು ದಾಳಿ ಸಿಕ್ಕಿತು ಎಂಬ ಕಾಲಮ್ಮಿನ ಪಕ್ಕದಲ್ಲೇ ಎಷ್ಟು ಪ್ಯಾಕೆಟ್ ಡ್ರಾಪ್ ಆಯಿತು ಎಂಬ ಕಾಲಮ್ಮೂ ಇರಲಿ. ಕರಡು ನನ್ನ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಅದನ್ನೇ.