ಅಡಿಕೆ ಸುಲಿಯುತ್ತಾ ಹರಟೆ: ನಮ್ಮ ಗೆಳತಿಯರ ಡಿಸೆಂಬರ್

ಚಳಿಗಾಲದ ರಜೆ ಎಂಬುದು ನಮ್ಮ ಕಡೆ ಇಲ್ಲ. ಶಾಲೆಗಳ ದಸರಾ ರಜೆ ಅಕ್ಟೋಬರ್‌ನಲ್ಲೇ ಮುಗಿದಿರುತ್ತದೆ, ಕ್ರಿಸ್‌ಮಸ್‌ಗೆ ಒಂದು ದಿನದ ಬಿಡುವು ಸಿಕ್ಕರೆ ಅದೇ ದೊಡ್ಡದು. ಅದರ ಮೇಲೆ ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತಲಿನ ಅಡಿಕೆ ಮನೆಗಳಿಗೆ ನವೆಂಬರ್‌ನಿಂದ ಜನವರಿಯವರೆಗೆ ಕೊಯ್ಲು. ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸಬೇಕು, ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಮನೆಯ ಬೆಕ್ಕಿಗೂ ಪುರುಸೊತ್ತಿರುವುದಿಲ್ಲ. ಆದರೆ ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಜೊತೆ ಇದ್ದವರಲ್ಲಿ ಹಲವರು ಈಗ ಇರುವುದು ಡಿಸೆಂಬರ್ ಕೊನೆಯ ವಾರ ಇಡೀ ಊರೇ ಬಾಗಿಲು ಹಾಕುವ ದೇಶಗಳಲ್ಲಿ. ಅವರಿಗೆ ಹೊತ್ತು ಹೋಗದು, ನನಗೆ ಹೊತ್ತು ಸಾಲದು. ಈ ಎರಡನ್ನೂ ಹೊಂದಿಸಿಕೊಂಡು ನಾವು ಪ್ರತಿ ಚಳಿಗಾಲ ಆನ್‌ಲೈನ್‌ನಲ್ಲಿ ಹರಟೆ ಹೊಡೆಯುತ್ತೇವೆ. ವರ್ಷದ ಉಳಿದ ತಿಂಗಳುಗಳಲ್ಲಿ ಗುಂಪು ಸುಮ್ಮನಿರುತ್ತದೆ, ಅದರ ಬಗ್ಗೆ ಯಾರಿಗೂ ಬೇಸರವಿಲ್ಲ.

ಗುಂಪಿನಲ್ಲಿ ಈಗ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಬರ್ಲಿನ್, ಮಿನಿಯಾಪೊಲಿಸ್, ಮೆಲ್ಬರ್ನ್, ವಿಜಯಪುರ, ಬೆಂಗಳೂರು, ಹೀಗೆ ಇರುವ ಊರೇ ಹೆಸರು. ನಾನು ಸಾಗರ. ‘ಏ ವಿಜಯಪುರ, ಚಹಾ ಆಯಿತೇನೆ?’ ಎಂದರೆ ಆಕೆ ಓಗೊಡುತ್ತಾಳೆ.

ಮೊದಲು ಬಗೆಹರಿಸಬೇಕಾಗಿದ್ದು ಗಡಿಯಾರದ ತಕರಾರು. ಚಳಿಗಾಲದಲ್ಲಿ ಬರ್ಲಿನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಮಿನಿಯಾಪೊಲಿಸ್ ಹನ್ನೊಂದೂವರೆ ಗಂಟೆ ಹಿಂದೆ, ಮೆಲ್ಬರ್ನ್ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ ರಾತ್ರಿ 8 ಆದಾಗ ಬರ್ಲಿನ್‌ನಲ್ಲಿ ಮಧ್ಯಾಹ್ನ 3.30, ಮಿನಿಯಾಪೊಲಿಸ್‌ನಲ್ಲಿ ಬೆಳಿಗ್ಗೆ 8.30, ಮೆಲ್ಬರ್ನ್‌ನಲ್ಲಿ ನಡುರಾತ್ರಿ ದಾಟಿ 1.30. ಬೆಳಗಿನ 6ಕ್ಕೆ ಇಟ್ಟರೆ ಮೆಲ್ಬರ್ನ್‌ಗೂ ಮಿನಿಯಾಪೊಲಿಸ್‌ಗೂ ಅನುಕೂಲ, ಆದರೆ ಬರ್ಲಿನ್ ಮಲಗಿರುತ್ತದೆ. ಎಷ್ಟು ಲೆಕ್ಕ ಹಾಕಿದರೂ ಎಲ್ಲರೂ ಕಣ್ಣು ಬಿಟ್ಟಿರುವ ಒಂದು ಒಳ್ಳೆಯ ಗಳಿಗೆ ಸಿಗುವುದಿಲ್ಲ. ಆದ್ದರಿಂದ ಎಲ್ಲರನ್ನೂ ಒಟ್ಟು ಸೇರಿಸುವ ಆಸೆಯನ್ನೇ ಬಿಟ್ಟೆವು. ರಾತ್ರಿ ಅಡಿಕೆ ಸುಲಿಯುವ ಹೊತ್ತಿಗೆ ನಾನು ಕರೆ ತೆರೆದಿಟ್ಟಿರುತ್ತೇನೆ, ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ. ಸುಲಿತ ಮುಗಿದಾಗ ಕರೆಯೂ ಮುಗಿಯುತ್ತದೆ.

ಇದಕ್ಕೆ ವಾಟ್ಸಾಪ್‌ನ ಕರೆಯ ಲಿಂಕ್ ಒಳ್ಳೆಯ ಉಪಾಯ. ಗುಂಪಿಗೆ ನೇರವಾಗಿ ಕರೆ ಮಾಡಿದರೆ ಎಲ್ಲರ ಫೋನೂ ಒಟ್ಟಿಗೆ ಬಡಿದುಕೊಳ್ಳುತ್ತದೆ, ಮೆಲ್ಬರ್ನ್‌ನಲ್ಲಿ ಮಲಗಿದ ಮಗು ಏಳುತ್ತದೆ. ಲಿಂಕ್ ಆದರೆ ಸದ್ದಿಲ್ಲ, ಬೇಕಾದವರು ಒತ್ತಿ ಒಳಗೆ ಬರುತ್ತಾರೆ. ಅದನ್ನು ಗುಂಪಿನ ವಿವರಣೆಯಲ್ಲಿ ಹಾಕಿಟ್ಟಿದ್ದೇನೆ, ಹುಡುಕುವ ಕೆಲಸವಿಲ್ಲ. ಝೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ತಾನಾಗಿಯೇ ಮುಗಿಯುತ್ತದೆ. ಕಚೇರಿಯ ಮಾತಿಗೆ ಅದು ಸಾಕು, ಅಡಿಕೆ ಸುಲಿತಕ್ಕೆ ಸಾಲದು.

ಹಸಿ ಅಡಿಕೆ ಸುಲಿದವರಿಗೆ ಗೊತ್ತು, ಆ ಕೆಲಸದಲ್ಲಿ ಕೈಗೆ ಬಿಡುವಿರುವುದಿಲ್ಲ, ಬಾಯಿಗೆ ಕೆಲಸವಿರುವುದಿಲ್ಲ. ಕೊಯ್ದ ಅಡಿಕೆಯನ್ನು ಬಹಳ ದಿನ ಇಡುವಂತಿಲ್ಲ, ಹಾಗಾಗಿ ಕೂತರೆ ರಾಶಿ ಕರಗುವವರೆಗೂ ಕೂರಬೇಕು. ಮೆಟ್ಟುಗತ್ತಿಯ ಮಣೆಯ ಮೇಲೆ ಕೂತು, ಅಡಿಕೆಯನ್ನು ಅಲಗಿಗೆ ಒತ್ತಿ, ಸಿಪ್ಪೆ ಸೀಳಿ, ಬೇಳೆಯನ್ನು ಬುಟ್ಟಿಗೆ ಎಸೆಯಬೇಕು. ಕೈಗೆ ಅಭ್ಯಾಸವಾದ ಮೇಲೆ ಕಣ್ಣು ಕೂಡ ಅತ್ತ ಅಷ್ಟಾಗಿ ಬೇಕಿಲ್ಲ. ಹಿಂದಿನಿಂದಲೂ ಸುಲಿತದ ಮನೆಗಳಲ್ಲಿ ಊರ ಸುದ್ದಿ, ಮದುವೆ ಮಾತು, ಯಕ್ಷಗಾನದ ವಿಮರ್ಶೆ ಎಲ್ಲವೂ ನಡೆದದ್ದು ಹೀಗೆಯೇ. ನಾನು ಆ ಸಾಲಿಗೆ ಒಂದು ಫೋನು ಸೇರಿಸಿದೆ, ಅಷ್ಟೇ.

ಫೋನನ್ನು ಕೂರಿಸುವುದಕ್ಕೆ ಅಂಗಡಿಯ ಸ್ಟ್ಯಾಂಡ್ ತಂದು ನೋಡಿದ್ದಾಯಿತು. ಸಿಪ್ಪೆಯ ರಾಶಿ ಜಾರಿದರೆ ಅದೂ ಅದರ ಜೊತೆ ಹೋಗುತ್ತದೆ. ಈಗ ಅರ್ಧ ತೆಂಗಿನ ಗೆರಟೆಯ ಬೆನ್ನಿನಲ್ಲಿ ಗರಗಸದಿಂದ ಒಂದು ಸೀಳು ಮಾಡಿಕೊಂಡಿದ್ದೇನೆ. ಗೆರಟೆಯನ್ನು ಮಗುಚಿ ಕಂಬದ ಬುಡದ ಕಟ್ಟೆಯ ಮೇಲಿಟ್ಟು ಸೀಳಿನಲ್ಲಿ ಫೋನು ನಿಲ್ಲಿಸಿದರೆ ಅಲುಗಾಡುವುದಿಲ್ಲ, ಮುಖಕ್ಕೆ ಬೇಕಾದ ಓರೆಯೂ ಸಿಗುತ್ತದೆ. ಇಯರ್‌ಫೋನ್ ಬೇಡವೇ ಬೇಡ. ವೈರು ಕತ್ತಿಗೆ ಸಿಕ್ಕಿಕೊಳ್ಳುತ್ತದೆ, ವೈರಿಲ್ಲದ್ದು ಸಿಪ್ಪೆಯಲ್ಲಿ ಬಿದ್ದರೆ ಗೊಬ್ಬರದ ಗುಂಡಿಗೇ ಹೋಗುತ್ತದೆ. ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ಸಾಕು. ಅಡಿಕೆಯ ಕಲೆ ಹತ್ತಿದ ಬೆರಳನ್ನು ಫೋನು ಗುರುತಿಸುವುದಿಲ್ಲವಾದ್ದರಿಂದ ಬೆರಳಚ್ಚಿನ ಬೀಗ ತೆಗೆದು ಅಂಕಿಯ ಬೀಗ ಹಾಕಿದ್ದೇನೆ. ಇಡೀ ಕೊಯ್ಲಿನಲ್ಲಿ ನನ್ನ ಕೈ ಕಪ್ಪಾಗಿಯೇ ಇರುತ್ತದೆ. ಮದುವೆ ಮನೆಗೆ ಹೋದರೂ ಅದೇ ಕೈ, ನಮ್ಮ ಕಡೆ ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ.

ಕರೆಂಟಿನ ವಿಷಯ. ಮನೆಗೆ ಫೈಬರ್ ಇಂಟರ್‌ನೆಟ್ ಬಂದ ಮೇಲೆ ಗುಡ್ಡ ಹತ್ತಿ ಸಿಗ್ನಲ್ ಹುಡುಕುವುದು ತಪ್ಪಿತು. ಆದರೆ ಕರೆಂಟು ಹೋದರೆ ಮೋಡೆಮ್ ಕೂಡ ಕಣ್ಣು ಮುಚ್ಚುತ್ತದೆ. ಮೋಡೆಮ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿಕೊಂಡರೆ ಆ ಚಿಂತೆ ಇಲ್ಲ.

ಸ್ಪೀಕರ್ ಇಟ್ಟದ್ದರಿಂದ ನಾನು ಎಣಿಸದೇ ಇದ್ದ ಒಂದು ಸಂಗತಿ ನಡೆಯಿತು. ಸುಲಿಯಲು ಬರುವ ಅಕ್ಕಪಕ್ಕದ ಹೆಂಗಸರೂ ಗುಂಪಿನವರೇ ಆದರು. ಪಕ್ಕದ ಮನೆಯ ದೊಡ್ಡಮ್ಮ ಒಂದು ರಾತ್ರಿ ಬರ್ಲಿನ್‌ನವಳನ್ನು ತಡೆದು ಕೇಳಿದರು:

‘ಅಷ್ಟು ಚಳಿ ಎನ್ನುತ್ತೀಯಲ್ಲ ಮಾರಾಯ್ತಿ, ಸ್ನಾನಕ್ಕೆ ಹಂಡೆಗೆ ಉರಿ ಹಾಕುವವರು ಯಾರು?’

‘ನಲ್ಲಿಯಲ್ಲೇ ಬಿಸಿನೀರು ಬರುತ್ತದೆ ದೊಡ್ಡಮ್ಮ.’

‘ಹಾಗಾದರೆ ನಿನಗೆ ಚಳಿ ಎಲ್ಲಿಂದ ಬಂತು?’

ಬರ್ಲಿನ್‌ನ ಚಳಿಯಲ್ಲ, ಕತ್ತಲೆಯೇ ಕಷ್ಟ ಎಂದು ಆಕೆ ವಿವರಿಸಿದಳು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸಂಜೆ 4ರ ಮೊದಲೇ ಸೂರ್ಯ ಮುಳುಗುತ್ತದೆ. ಕರೆಗೆ ಬರುವಾಗ ಅವಳ ಕಿಟಕಿಯಲ್ಲಿ ಬೆಳಕಿರುತ್ತದೆ, ನಮ್ಮ ಒಂದು ಬುಟ್ಟಿ ತುಂಬುವಷ್ಟರಲ್ಲಿ ಅಲ್ಲಿ ದೀಪ ಹಚ್ಚಿಯಾಗಿರುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ದೊಡ್ಡಮ್ಮ ತಮ್ಮ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡರು.

ಏನು ಮಾತನಾಡುವುದು ಎಂಬುದೇ ಇಲ್ಲಿ ಮುಖ್ಯ. ನನ್ನ ಪ್ರಕಾರ ‘ಮತ್ತೇನು ಸಮಾಚಾರ?’ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಏನಿಲ್ಲ, ಎಲ್ಲ ಆರಾಮ’ ಎಂಬುದರ ಆಚೆಗೆ ಅದಕ್ಕೆ ಉತ್ತರವಿಲ್ಲ. ನಾವು ಕೇಳುವುದು ‘ಈಗ ಏನು ಮಾಡುತ್ತಿದ್ದೀಯ, ತೋರಿಸು’ ಎಂದು. ಮಿನಿಯಾಪೊಲಿಸ್‌ನವಳು ಫೋನನ್ನು ಕಿಟಕಿಗೆ ಹಿಡಿದು, ಗಂಡ ಮನೆಯ ಮುಂದಿನ ಕಾಲುದಾರಿಯ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕುವುದನ್ನು ತೋರಿಸುತ್ತಾಳೆ. ಹಿಮ ಬೀಳುವುದು ನಿಂತ 24 ಗಂಟೆಯೊಳಗೆ ಮನೆಯವರೇ ಅದನ್ನು ತೆಗೆಯಬೇಕೆಂಬುದು ಆ ನಗರದ ನಿಯಮವಂತೆ. ಮರ ಹತ್ತಿ ಕೊನೆ ಇಳಿಸುವ ನಮ್ಮ ಕೊನೆಗೌಡ ಅದನ್ನು ನೋಡಿ, ‘ಸಲಿಕೆ ಹಿಡಿಯುವ ಕ್ರಮ ಸರಿಯಿಲ್ಲ, ಸೊಂಟ ಹಿಡಿದುಕೊಳ್ಳುತ್ತದೆ’ ಎಂದ. ಮರುದಿನ ಹಿಡಿದುಕೊಂಡೂ ಇತ್ತು.

ಬರ್ಲಿನ್‌ನಲ್ಲಿ 24ರ ಮಧ್ಯಾಹ್ನ ಅಂಗಡಿಗಳು ಮುಚ್ಚುತ್ತವೆ, 25 ಮತ್ತು 26 ಎರಡೂ ರಜೆ, ಅದರ ಬೆನ್ನಿಗೆ ಭಾನುವಾರ ಬಂದರೆ ಆವತ್ತೂ ಇಲ್ಲ. ಹಾಗಾಗಿ ಆಕೆಯ ಮಾತೆಲ್ಲ ಹಾಲು ಎಷ್ಟು ತಂದಿಟ್ಟೆ, ಸೊಪ್ಪು ಎಷ್ಟು ಉಳಿದಿದೆ ಎಂಬುದರ ಸುತ್ತ. ಅಲ್ಲಿಂದ ಹೊರಟದ್ದೇ ಮೊಸರಿನ ಚರ್ಚೆ. ನಮ್ಮ ಗುಂಪಿನಲ್ಲಿ ರಾಜಕೀಯಕ್ಕಿಂತ ಹೆಚ್ಚು ಹೊತ್ತು ನಡೆದದ್ದು ಇದೇ. ಚಳಿಗೆ ಹಾಲು ಹೆಪ್ಪುಗಟ್ಟುವುದಿಲ್ಲ. ಮಿನಿಯಾಪೊಲಿಸ್‌ನವಳು ಓವನ್ ಹೊತ್ತಿಸದೆ ಅದರ ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಪಾತ್ರೆ ಇಡುತ್ತಾಳೆ. ಬರ್ಲಿನ್‌ನವಳು ಗೋಡೆಯ ಹೀಟರ್ ಮೇಲೆ ದಪ್ಪ ಟವೆಲ್ ಹಾಸಿ ಇಡುತ್ತಾಳೆ. ವಿಜಯಪುರದವಳು ತೊಟ್ಟಿನ ಸಮೇತ ಹಸಿಮೆಣಸಿನಕಾಯಿ ಹಾಕು ಎನ್ನುತ್ತಾಳೆ. ನಮ್ಮತ್ತೆ ಯಾವುದನ್ನೂ ಒಪ್ಪಲಿಲ್ಲ. ಹಾಲು ಉಗುರು ಬೆಚ್ಚಗಿರುವಾಗ ಹೆಪ್ಪು ಸ್ವಲ್ಪ ಹೆಚ್ಚೇ ಹಾಕಿ, ಅಡಿಕೆ ಬೇಯಿಸಿದ ಒಲೆಯ ಪಕ್ಕ ಇಟ್ಟರಾಯಿತು ಎಂದರು. ಅಡಿಕೆ ಒಲೆ ಇಲ್ಲದವರ ಗತಿ ಅವರ ಲೆಕ್ಕದಲ್ಲಿರಲಿಲ್ಲ. ಇದರ ನಡುವೆ ಮೆಲ್ಬರ್ನ್‌ನಿಂದ ಒಂದು ಧ್ವನಿ ಸಂದೇಶ ಬಂತು. ಅಲ್ಲಿ ಡಿಸೆಂಬರ್ ಎಂದರೆ ನಡುಬೇಸಿಗೆ, ಮೊಸರು ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ, ಮಕ್ಕಳಿಗೆ ದೊಡ್ಡ ರಜೆ, ಗಂಡ 26ರಿಂದ ಕ್ರಿಕೆಟ್ ಟೆಸ್ಟ್ ಎಂದು ಮೈದಾನಕ್ಕೆ ಹೋದರೆ ಮನೆಗೆ ಸಿಗುವುದಿಲ್ಲ, ನಿಮ್ಮ ಚಳಿಯ ಕಥೆ ಸಾಕು ಮಾಡಿ ಎಂದು.

ವಿಜಯಪುರದವಳು ಸರ್ಕಾರಿ ಶಾಲೆಯ ಮೇಷ್ಟ್ರು, ಅವಳಿಗೂ ಈ ತಿಂಗಳು ರಜೆ ಕಡಿಮೆ. ಆದರೆ ಎಳ್ಳು ಅಮಾವಾಸ್ಯೆಯ ದಿನ ಆಕೆ ಹೊಲದಿಂದಲೇ ಕರೆಗೆ ಬರುತ್ತಾಳೆ. ಎದೆಮಟ್ಟ ಬಿಳಿಜೋಳ, ಅದರೊಳಗೆ ಮನೆಯವರೆಲ್ಲ ಚರಗ (ಭೂತಾಯಿಗೆ ಅರ್ಪಿಸುವ ಎಡೆ) ಚೆಲ್ಲುತ್ತಾ ನಡೆಯುವುದು, ಆಮೇಲೆ ಗಿಡದ ನೆರಳಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಭಜ್ಜಿ, ಶೇಂಗಾ ಹೋಳಿಗೆ. ಅಡಿಕೆ ತೋಟದ ನಮಗೆ ಅಷ್ಟು ಅಗಲದ ಆಕಾಶ ನೋಡುವುದೇ ಒಂದು ಹಬ್ಬ. ಜನವರಿಯಲ್ಲಿ ಸೀತನಿ, ಅಂದರೆ ಎಳೆಯ ಜೋಳದ ತೆನೆ, ಸುಡುವಾಗ ಅವಳು ಫೋನು ತಿರುಗಿಸಿದರೆ ಹೊರದೇಶದವರೆಲ್ಲ ಒಟ್ಟಿಗೆ ಬೈಯುತ್ತಾರೆ. ಬೆಂಗಳೂರಿನವಳು ಅವರೆಕಾಯಿಯ ಋತುವಿನಲ್ಲಿ ಬಕೆಟ್ ತುಂಬ ನೀರಿನಲ್ಲಿ ಕಾಳು ನೆನೆಹಾಕಿ ಹಿತುಕುತ್ತಾ ಕೂರುತ್ತಾಳೆ. ಅವಳ ಕೈಗೂ ಬಿಡುವಿಲ್ಲ, ಹಾಗಾಗಿ ಅವಳು ನನ್ನ ಪಕ್ಷ.

ಕೆಲಸದ ನಡುವಿನ ಇಂಥ ಹರಟೆಯಲ್ಲಿ ಸುಮ್ಮನಿರುವುದಕ್ಕೂ ಜಾಗವಿದೆ. ಎಷ್ಟೋ ಹೊತ್ತು ಯಾರೂ ಮಾತನಾಡುವುದಿಲ್ಲ, ಒಬ್ಬಳು ಪಾತ್ರೆ ತೊಳೆಯುತ್ತಾಳೆ, ಒಬ್ಬಳು ಬಟ್ಟೆ ಮಡಿಸುತ್ತಾಳೆ. ವಿಡಿಯೊ ಮುಂದೆ ನೆಟ್ಟಗೆ ಕೂತು ಮಾತನಾಡುವಾಗ ಇಂಥ ಮೌನ ಬಂದರೆ ಎಲ್ಲರಿಗೂ ಕಸಿವಿಸಿ. ಇಲ್ಲಿ ಯಾರಿಗೂ ಏನೂ ಅನ್ನಿಸುವುದಿಲ್ಲ.

ಸಂಕಟದ ಮಾತು ಮಾತ್ರ ಎಲ್ಲರ ಮುಂದೆ ಬರುವುದಿಲ್ಲ. ಅದನ್ನು ನಾನು ಗಮನಿಸಿದ್ದು ಬಹಳ ತಡವಾಗಿ. ‘ಆಯಿತು, ಇಡುತ್ತೇನೆ’ ಎಂದು ಒಬ್ಬೊಬ್ಬರೇ ಹೋದ ಮೇಲೂ ಒಬ್ಬಳು ಕರೆಯಲ್ಲಿ ಉಳಿದುಕೊಂಡಿರುತ್ತಾಳೆ. ಏನೂ ಹೇಳುವುದಿಲ್ಲ, ಹೋಗುವುದೂ ಇಲ್ಲ. ಆಗ ‘ಏನಾಯಿತು?’ ಎಂದು ಕೇಳಬಾರದು. ನಾನು ಇನ್ನೊಂದಿಷ್ಟು ಅಡಿಕೆ ಮುಂದಕ್ಕೆ ಎಳೆದುಕೊಳ್ಳುತ್ತೇನೆ. ತೋಟಕ್ಕೆ ಎಲೆಚುಕ್ಕೆ ರೋಗ ಬಂದದ್ದು, ಈ ಸಲ ಫಸಲು ಎಷ್ಟು ಇಳಿಯಿತು, ಗೊಬ್ಬರದ ಸಾಲ ಏನಾಯಿತು ಎಂದು ನನ್ನ ಕಷ್ಟವನ್ನೇ ಮೊದಲು ಹೇಳುತ್ತೇನೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಮಾತು ಬರುತ್ತದೆ: ಊರಿನಲ್ಲಿ ಒಬ್ಬರೇ ಇರುವ ಅಪ್ಪನ ಆರೋಗ್ಯ, ಕೆಲಸ ಹೋಗಬಹುದೆಂಬ ಹೆದರಿಕೆ, ಮಾತು ಬಿಟ್ಟ ಅಣ್ಣ. ರಜೆಯಲ್ಲಿ ಇವೆಲ್ಲ ಹೆಚ್ಚು ಕಾಡುತ್ತವೆ ಎಂದು ಕಾಣುತ್ತದೆ, ಸುತ್ತಲಿನವರೆಲ್ಲ ತಂತಮ್ಮ ಮನೆಗೆ ಹೋಗಿರುವಾಗ ಹೆಚ್ಚು. ಹಾಗೆ ಕೇಳಿದ್ದನ್ನು ಮರುದಿನ ಗುಂಪಿನಲ್ಲಿ ಎತ್ತುವುದಿಲ್ಲ, ಹೇಳಿದವಳೇ ಎತ್ತಿದರೆ ಬೇರೆ ಮಾತು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಇದುವರೆಗೆ ಯಾರೂ ಮೀರಿಲ್ಲ.

ಬರೆದಿಟ್ಟ ಕಟ್ಟಳೆಗಳೂ ಕೆಲವು ಇವೆ. ಹೂವಿನ ಚಿತ್ರದ ಶುಭೋದಯ ನಿಷಿದ್ಧ. ಎಲ್ಲಿಂದಲೋ ಬಂದ ಸಂದೇಶವನ್ನು ದಾಟಿಸುವಂತಿಲ್ಲ, ಅಂಥದ್ದಕ್ಕೆ ಪ್ರತಿಯೊಬ್ಬರ ಮನೆಯಲ್ಲೂ ಬೇರೆ ಗುಂಪಿದೆ. ಮಕ್ಕಳ ಫೋಟೊ ಇಲ್ಲಿಂದ ಹೊರಗೆ ಹೋಗಬಾರದು. ಕರೆಗೆ ಬರಲಾಗದವರಿಗೆ ಅಂದಿನ ಸುದ್ದಿಯನ್ನು ಯಾರಾದರೊಬ್ಬರು ಧ್ವನಿ ಸಂದೇಶದಲ್ಲಿ ಹೇಳಬೇಕು. ಮೆಲ್ಬರ್ನ್‌ನವಳು ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾಳಂತೆ, ನನ್ನ ರಾಗ ಅಷ್ಟು ಉದ್ದ.

ಹೊಸ ವರ್ಷಕ್ಕೆಂದು ನಾವು ಬೇರೆ ಏನೂ ಮಾಡುವುದಿಲ್ಲ. ಮೆಲ್ಬರ್ನ್‌ನಲ್ಲಿ ಹನ್ನೆರಡು ಹೊಡೆಯುವಾಗ ನಮಗೆ 31ರ ಸಂಜೆ 6.30, ನಾನು ಕೊಟ್ಟಿಗೆಯಲ್ಲಿರುತ್ತೇನೆ. ಬರ್ಲಿನ್‌ನ ಪಟಾಕಿ ಹೊತ್ತಿಗೆ ಇಲ್ಲಿ ಬೆಳಗಿನ ಜಾವ 4.30, ಮಿನಿಯಾಪೊಲಿಸ್‌ಗೆ ಹೊಸ ವರ್ಷ ಬರುವಷ್ಟರಲ್ಲಿ ನಮ್ಮ 1ನೇ ತಾರೀಖಿನ ಬೆಳಿಗ್ಗೆ 11.30, ಎರಡನೇ ಹಂಡೆ ಅಡಿಕೆ ಬೆಂದು ಇಳಿದಿರುತ್ತದೆ. ಶುಭಾಶಯ ಬಂದಾಗ ಬರಲಿ ಎಂದು ಬಿಟ್ಟಿದ್ದೇವೆ.

ಮುಂದಿನ ಕೊಯ್ಲಿಗೆ ಬರ್ಲಿನ್‌ನವಳು ರಜೆ ಹಾಕಿ ನಮ್ಮಲ್ಲಿಗೇ ಬರುತ್ತೇನೆ ಎಂದಿದ್ದಾಳೆ, ಸುಲಿಯಲು ಕಲಿಯುತ್ತಾಳಂತೆ. ಮೆಟ್ಟುಗತ್ತಿ ಮಾತ್ರ ಆಕೆಯ ಕೈಗೆ ಕೊಡುವುದಿಲ್ಲ, ಬೇಕಾದರೆ ಉದುರಿದ ಅಡಿಕೆ ಹೆಕ್ಕಲಿ ಎಂದು ಅತ್ತೆ ಈಗಲೇ ತೀರ್ಮಾನ ಮಾಡಿಯಾಗಿದೆ.